ಕೆಜಿಎಫ್‌ನ ಹಳೆಯ ಗಣಿ ನೆಲದಲ್ಲಿ ದೊಡ್ಡ ಕಾಮಗಾರಿ: ಯಾರನ್ನು, ಯಾವಾಗ ಕೇಳಬೇಕು?

ಮಾರಿಕುಪ್ಪಂ ನಿವಾಸಿ

ಎಲ್ಲರಿಗೂ ನಮಸ್ಕಾರ. ಬಹಳ ದಿನಗಳಿಂದ ಮನಸ್ಸಿನಲ್ಲಿದ್ದ ಒಂದು ಪ್ರಶ್ನೆಯನ್ನು ಇಲ್ಲಿ ಇಡುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ತಾಳ್ಮೆಯಿಂದ ಓದಬೇಕೆಂದು ಕೋರುತ್ತೇನೆ.

ನಮ್ಮ ಊರಾದ ಕೋಲಾರ ಚಿನ್ನದ ಗಣಿ (ಕೆಜಿಎಫ್) ಪ್ರದೇಶದ ಸುತ್ತ ಈಚಿನ ವರ್ಷಗಳಲ್ಲಿ ಮೂರು ದೊಡ್ಡ ಯೋಜನೆಗಳ ಮಾತು ಒಟ್ಟಿಗೇ ಕೇಳಿಬರುತ್ತಿದೆ. ಬಂಗಾರಪೇಟೆಯಿಂದ ಬಂದು ಮಾರಿಕುಪ್ಪಂನಲ್ಲಿ ನಿಂತುಹೋಗುತ್ತಿದ್ದ ರೈಲು ಹಳಿಯನ್ನು ಆಂಧ್ರದ ಕುಪ್ಪಂವರೆಗೆ ಸುಮಾರು 24 ಕಿಲೋಮೀಟರ್ ಮುಂದುವರಿಸುವ ಹೊಸ ಮಾರ್ಗ ಮೊದಲನೆಯದು. ಹೊಸಕೋಟೆಯಿಂದ ಹೊರಟು ಮಾಲೂರು, ಬಂಗಾರಪೇಟೆ, ಬೇತಮಂಗಲಗಳ ಬದಿಯಿಂದ ಶ್ರೀಪೆರಂಬದೂರಿಗೆ ಹೋಗುವ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ಎರಡನೆಯದು. ಹೆದ್ದಾರಿ ಗಣಿಯ ಮೇಲೆಯೇ ಹೋಗುವುದಿಲ್ಲ, ಆದರೆ ಅದರ ಕೂಡುರಸ್ತೆಗಳು, ಗೋದಾಮುಗಳು, ಹೊಸ ಬಡಾವಣೆಗಳು ನಮ್ಮ ಕಡೆಗೇ ಬೆಳೆಯುತ್ತವೆ. ಭಾರತ್ ಗೋಲ್ಡ್ ಮೈನ್ಸ್, ಅಂದರೆ ನಮ್ಮ ಬಿಜಿಎಂಎಲ್ ವಶದಲ್ಲಿ ಬಳಕೆಯಿಲ್ಲದೆ ಬಿದ್ದಿರುವ ಸಾವಿರಾರು ಎಕರೆಯಲ್ಲಿ ಕೈಗಾರಿಕಾ ಟೌನ್‌ಶಿಪ್ ಮಾಡಬೇಕೆಂಬ ರಾಜ್ಯ ಸರ್ಕಾರದ ಪ್ರಸ್ತಾಪ ಮೂರನೆಯದು.

ಈ ಮೂರಕ್ಕೂ ನಾನು ವಿರೋಧಿಯಲ್ಲ. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದ ಮೇಲೆ ನಮ್ಮ ಲೈನ್ ಮನೆಗಳ, ಅಂದರೆ ಗಣಿ ಕಾರ್ಮಿಕರ ಸಾಲುಮನೆಗಳ ಹುಡುಗರು ಬೆಳಗಿನ ಜಾವದ ರೈಲು ಹಿಡಿದು ಬೆಂಗಳೂರಿಗೆ ಹೋಗಿ ರಾತ್ರಿ ಹಿಂದಿರುಗುವ ಬಾಳನ್ನು ಎರಡು ದಶಕಗಳಿಗೂ ಹೆಚ್ಚು ಕಾಲ ನೋಡಿದ್ದೇನೆ. ಇಲ್ಲಿಯೇ ಕೆಲಸ ಬರುವುದಾದರೆ ಅದಕ್ಕಿಂತ ಸಂತೋಷ ಬೇರೆ ಇಲ್ಲ. ನನ್ನ ಆತಂಕವಿರುವುದು ಈ ನೆಲದ ಒಳಗೆ ಏನಿದೆ ಎಂಬುದರ ಬಗ್ಗೆ. ನೂರಿಪ್ಪತ್ತು ವರ್ಷ ಅಗೆದು, ಸುಮಾರು 800 ಟನ್ ಚಿನ್ನ ತೆಗೆದ ನೆಲ ಇದು. ಚಾಂಪಿಯನ್ ರೀಫ್ ಗಣಿಯಲ್ಲಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದಾರೆ. ಮೇಲೆ, ಅದಿರಿನಿಂದ ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ಸಯನೈಡ್ ದಿಬ್ಬಗಳಿವೆ, ಒಳಗೆ ನೀರು ತುಂಬಿದ ಸುರಂಗಗಳಿವೆ. ಹೀಗಿರುವಾಗ ಒಂದು ಹಳಿಯನ್ನೋ ರಸ್ತೆಯನ್ನೋ ಕೈಗಾರಿಕಾ ಪ್ರದೇಶವನ್ನೋ ನಕ್ಷೆಯ ಮೇಲೆ ಗುರುತಿಸುವ ಮುನ್ನ ಯೋಜನೆ ಮಾಡುವವರು ಯಾವ ಯಾವ ಸಾರ್ವಜನಿಕ ಸಂಸ್ಥೆಗಳ ಅಭಿಪ್ರಾಯ ಪಡೆಯಬೇಕು? ಕಾನೂನು ಅದನ್ನು ಕಡ್ಡಾಯ ಮಾಡಿದೆಯೇ? ನಗರಸಭೆ, ಪಂಚಾಯಿತಿಗಳಿಗೆ ಇದರಲ್ಲಿ ಸ್ಥಾನವೇನು?

ಯಾವ ಇಲಾಖೆಯ ಮೇಲೂ ದೂರು ಹೊರಿಸಲು ನಾನು ಬರೆಯುತ್ತಿಲ್ಲ. ಬಲ್ಲವರು ಬಲ್ಲಷ್ಟನ್ನು ಹೇಳಿದರೆ ನಮ್ಮ ವಾರ್ಡಿನವರೆಲ್ಲ ಸೇರಿ ಸರಿಯಾದ ಬಾಗಿಲನ್ನು ತಟ್ಟಬಹುದು ಎಂಬುದಷ್ಟೇ ಉದ್ದೇಶ.

ನಿವೃತ್ತ ಗಣಿ ಸರ್ವೇಯರ್

ತಮ್ಮಾ, ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ನಾನು ಗಣಿಯಲ್ಲಿ ಅಳತೆ ಕೆಲಸ ಮಾಡಿದವನು, ಆದ್ದರಿಂದ ಕಾನೂನಿಗೆ ಹೋಗದೆ ನೆಲದ ವಿಷಯ ಹೇಳುತ್ತೇನೆ.

ಮೊದಲನೆಯದಾಗಿ, ಆಳದ ಮಾತು ಕೇಳಿ ಜನ ಹೆದರುತ್ತಾರೆ, ಆದರೆ ಮೂರು ಕಿಲೋಮೀಟರ್ ಕೆಳಗಿರುವ ಸುರಂಗ ಮೇಲಿನ ಕಟ್ಟಡವನ್ನು ನುಂಗುವುದಿಲ್ಲ. ಕಟ್ಟುವವನು ಹೆದರಬೇಕಾದದ್ದು ಮೊದಲ ನೂರು, ನೂರೈವತ್ತು ಅಡಿಗಳಿಗೆ. 1802ರಲ್ಲಿ ಬ್ರಿಟಿಷ್ ಸೇನೆಯ ಲೆಫ್ಟಿನೆಂಟ್ ಜಾನ್ ವಾರನ್ ಈ ಕಡೆ ಬಂದಾಗಲೇ ಮಾರಿಕುಪ್ಪಂ ಸುತ್ತಲಿನ ಹಳ್ಳಿಗರು ಗುಂಡಿ ತೋಡಿ ಕಲ್ಲು ತೆಗೆದು ಚಿನ್ನ ತೊಳೆಯುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಅವರಿಗೂ ಹಿಂದಿನವರು ತೋಡಿದ ಗುಂಡಿಗಳು ಬೇರೆ. 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಬಂದು ಕೆಲಸ ಆರಂಭಿಸಿದ್ದೂ ಅನೇಕ ಕಡೆ ಈ ಹಳೆಯ ಗುಂಡಿಗಳ ಜಾಡು ಹಿಡಿದೇ. ಈ ಪ್ರಾಚೀನ ಗುಂಡಿಗಳಿಗೆ ನಕ್ಷೆ ಯಾರು ಬರೆದಿದ್ದರು? ಕಂಪನಿಗಳು ಬಂದ ಮೇಲಷ್ಟೇ ಕ್ರಮಬದ್ಧ ನಕ್ಷೆಗಳು ಸಿಗುತ್ತವೆ.

ಎರಡನೆಯದು, ಅದಿರಿನ ಪಟ್ಟಿ ನೆಟ್ಟಗೆ ಕೆಳಗೆ ಇಳಿಯುವುದಿಲ್ಲ. ಇಲ್ಲಿನ ಮುಖ್ಯ ಅದಿರು ಪಟ್ಟಿಯಾದ ಚಾಂಪಿಯನ್ ಲೋಡ್ ಉತ್ತರ-ದಕ್ಷಿಣವಾಗಿ ಹಾದು ಪಶ್ಚಿಮಕ್ಕೆ ವಾಲಿಕೊಂಡು ಇಳಿಯುತ್ತದೆ. ಆದ್ದರಿಂದ ಶಾಫ್ಟಿನ, ಅಂದರೆ ಗಣಿಗೆ ಇಳಿಯುವ ಬಾವಿಯ ಬಾಯಿ ಕಂಡ ಜಾಗ ಒಂದು, ಕೆಳಗಿನ ಟೊಳ್ಳು ಇರುವ ಜಾಗ ಇನ್ನೊಂದು. ಮೇಲೆ ನಿಂತು ಕಣ್ಣಿಗೆ ಕಾಣುವ ಶಾಫ್ಟುಗಳಿಂದ ಇಷ್ಟು ಮೀಟರ್ ದೂರ ಬಿಟ್ಟರೆ ಸಾಕು ಎನ್ನುವವರು ಈ ಒಂದು ಮಾತನ್ನು ಮರೆತಿರುತ್ತಾರೆ. ಅದಿರು ತೆಗೆದ ಖಾಲಿ ಜಾಗಗಳಿಗೆ ಕೆಲವು ಕಡೆ ಗ್ರಾನೈಟ್ ಕಲ್ಲಿನ ಗೋಡೆ ಕಟ್ಟಿ ಆಧಾರ ಕೊಟ್ಟಿದ್ದಾರೆ, ಆಮೇಲೆ ಕಾಂಕ್ರೀಟ್ ತುಂಬಿದ್ದಾರೆ, ಇನ್ನು ಕೆಲವು ಕಡೆ ಏನನ್ನೂ ತುಂಬದೆ ಬಿಟ್ಟಿದ್ದಾರೆ. ಎಲ್ಲಿ ಯಾವುದು ಎಂಬುದು ನಕ್ಷೆಯಲ್ಲಿ ಮಾತ್ರ ಗೊತ್ತಾಗುತ್ತದೆ.

ಮೂರನೆಯದು ನೀರು. ಗಣಿಯ ನೀರೆತ್ತುವ ಪಂಪು ನಿಂತ ಮೇಲೆ ಒಳಗೆ ನೀರು ಏರಿತು. ಹೀಗೆ ನೀರು ಏರುವಾಗ ಬಂಡೆಯೊಳಗಿನ ಒತ್ತಡ ಬದಲಾಗಿ ಸಣ್ಣ ಕಂಪನಗಳಾಗುತ್ತವೆ. ನಾವು ಗಣಿಯಲ್ಲಿ 'ಏರ್ ಬ್ಲಾಸ್ಟ್' ಎನ್ನುತ್ತಿದ್ದ ಬಂಡೆಸಿಡಿತ ಗಣಿ ನಡೆಯುತ್ತಿದ್ದಾಗಿನ ಮಾತು, ಆದರೆ ಗಣಿ ಮುಚ್ಚಿದ ಮೇಲೂ ನೆಲ ನಡುಗಿದ್ದನ್ನು ಚಾಂಪಿಯನ್, ಊರ್ಗಾಂ ಕಡೆಯವರೆಲ್ಲ ಬಲ್ಲರು. ಈ ಕಂಪನಗಳನ್ನು ಅಳೆದು ದಾಖಲಿಸಿದ್ದು 1988ರಲ್ಲಿ ಕೆಜಿಎಫ್‌ನಲ್ಲಿಯೇ ಆರಂಭವಾದ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ, ಅಂದರೆ ಎನ್‌ಐಆರ್‌ಎಂ. ಈ ನೆಲದ ನಡವಳಿಕೆಯನ್ನು ಅವರಷ್ಟು ಹತ್ತಿರದಿಂದ ಕಂಡ ಸಂಸ್ಥೆ ಇನ್ನೊಂದಿಲ್ಲ.

ಆದ್ದರಿಂದ ಯಾರನ್ನು ಕೇಳಬೇಕು ಎಂದರೆ ನನ್ನ ಉತ್ತರ ನೇರವಾಗಿದೆ. ನಕ್ಷೆ ಯಾರ ಕಪಾಟಿನಲ್ಲಿದೆಯೋ ಅವರನ್ನು ಮೊದಲು ಕೇಳಬೇಕು. ಭೂಮಿಯ ಒಡೆತನ ಮತ್ತು ಗಣಿಯ ದಾಖಲೆಗಳಿಗೆ ಬಿಜಿಎಂಎಲ್, ಕೈಬಿಟ್ಟ ಗಣಿಯ ಕುರಿತ ದಾಖಲೆ ಮತ್ತು ಸುರಕ್ಷತೆಯ ಅಭಿಪ್ರಾಯಕ್ಕೆ ಧನಬಾದ್‌ನಲ್ಲಿ ಕೇಂದ್ರ ಕಚೇರಿ ಇರುವ ಗಣಿ ಸುರಕ್ಷತಾ ಮಹಾ ನಿರ್ದೇಶನಾಲಯ, ಕಂಪನ ಮತ್ತು ಬಂಡೆಯ ಸ್ಥಿತಿಗೆ ಎನ್‌ಐಆರ್‌ಎಂ, ಶಿಲಾಪದರಗಳ ನಕ್ಷೆಗೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ. ಇದಕ್ಕೆ ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆಯನ್ನೂ ಸೇರಿಸಿ.

ಇನ್ನೊಂದು ಮಾತು ಸೇರಿಸಲೇಬೇಕು. ಹಳೆಯ ನಕ್ಷೆಗಳು ಅಡಿ ಲೆಕ್ಕದಲ್ಲಿ, ಗಣಿಯದೇ ಆದ ಅಳತೆ ಜಾಲದಲ್ಲಿ ಇರುತ್ತವೆ. ಅವನ್ನು ಇಂದಿನ ಉಪಗ್ರಹ ಅಳತೆಗೆ ಹೊಂದಿಸಬೇಕಾದರೆ ನೆಲದ ಮೇಲೆ ಉಳಿದಿರುವ ಹಳೆಯ ಗುರುತುಕಲ್ಲು, ಶಾಫ್ಟಿನ ಮಧ್ಯಬಿಂದು ಇಂಥವು ಬೇಕು. ಅವುಗಳನ್ನು ಗುರುತಿಸಬಲ್ಲ ನನ್ನ ವಯಸ್ಸಿನವರು ವರ್ಷಕ್ಕೆ ಇಷ್ಟು ಜನ ಎಂದು ಕಣ್ಮರೆಯಾಗುತ್ತಿದ್ದೇವೆ. ಈ ಕೆಲಸಕ್ಕೆ ತಡ ಮಾಡಬಾರದೆಂದು ಕೈಮುಗಿದು ಹೇಳುತ್ತೇನೆ.

ಕಾನೂನು ಓದುತ್ತಿರುವವಳು

ಸರ್ವೇಯರ್ ಸರ್ ಹೇಳಿದ್ದನ್ನು ಓದಿ ತುಂಬ ಕಲಿತೆ. ಕಾನೂನಿನ ಭಾಗವನ್ನು ನಾನು ಹೇಳಲು ಪ್ರಯತ್ನಿಸುತ್ತೇನೆ, ತಪ್ಪಿದ್ದರೆ ತಿದ್ದಿ.

ಅಭಿಪ್ರಾಯ ಪಡೆಯುವ ಮುಖ್ಯ ಬಾಗಿಲು 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆ. ಅದರ ಅನುಸೂಚಿಯಲ್ಲಿ ಇರುವ ಯೋಜನೆಗಳಿಗೆ ಪರಿಸರ ಅನುಮತಿ ಬೇಕು, ಮತ್ತು ಹಲವು ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ಸಭೆಯನ್ನು ನಡೆಸುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ, ಅಧ್ಯಕ್ಷತೆ ಜಿಲ್ಲಾಧಿಕಾರಿಗಳದು ಅಥವಾ ಅವರು ನೇಮಿಸಿದ, ಹೆಚ್ಚುವರಿ ಜಿಲ್ಲಾಧಿಕಾರಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯದು, ಮುಂಚಿತ ಪ್ರಕಟಣೆಗೆ ಕನಿಷ್ಠ 30 ದಿನ. ಅಲ್ಲಿಗೆ ಹೋಗಿ ಮಾತನಾಡಬಹುದು, ಲಿಖಿತವಾಗಿಯೂ ಕೊಡಬಹುದು. ಹೊಸ ರಾಷ್ಟ್ರೀಯ ಹೆದ್ದಾರಿ ಈ ಅನುಸೂಚಿಯಲ್ಲಿದೆ. ಆದರೆ ಮಾರಿಕುಪ್ಪಂನವರು ಮೊದಲು ಹೆಸರಿಸಿದ ರೈಲು ಮಾರ್ಗದ ವಿಷಯದಲ್ಲಿ ಒಂದು ಮುಖ್ಯ ಸಂಗತಿ ಇದೆ: ರೈಲು ಮಾರ್ಗಗಳು ಆ ಅನುಸೂಚಿಯಲ್ಲಿ ಇಲ್ಲವೇ ಇಲ್ಲ. ಅಂದರೆ ಹಳಿ ಹಾಕಲು ಈ ಅಧಿಸೂಚನೆಯ ಅಡಿಯಲ್ಲಿ ಅಹವಾಲು ಸಭೆ ನಡೆಯಬೇಕಾಗಿಲ್ಲ. ರೈಲ್ವೆಯವರು ತಮ್ಮದೇ ಭೂಪರೀಕ್ಷೆ ಮಾಡುತ್ತಾರೆ, ಅದು ಬೇರೆ ಮಾತು. ಊರಿನವರಿಗೂ ಗಣಿ ಬಲ್ಲ ಸಂಸ್ಥೆಗಳಿಗೂ ಬಾಯಿ ತೆರೆಯಲು ಕಾನೂನು ಕಟ್ಟಿಕೊಟ್ಟ ವೇದಿಕೆ ಅಲ್ಲಿ ಇಲ್ಲ ಎಂಬುದು ನನಗೆ ದೊಡ್ಡ ಕೊರತೆಯಾಗಿ ಕಾಣುತ್ತದೆ.

ಅಧಿಸೂಚನೆಯ ಮೊದಲ ನಮೂನೆಯಲ್ಲಿ ಎರಡು ಪ್ರಶ್ನೆಗಳಿವೆ, ಯಾರೂ ಅವನ್ನು ಗಮನಿಸುವುದಿಲ್ಲ. ಯೋಜನೆಯ ಜಾಗ ಈಗಾಗಲೇ ಮಾಲಿನ್ಯಕ್ಕೆ ಅಥವಾ ಪರಿಸರ ಹಾನಿಗೆ ಒಳಗಾದ ಪ್ರದೇಶವೇ ಎಂಬುದು ಒಂದು. ಭೂಕಂಪ, ನೆಲಕುಸಿತ, ಭೂಸವೆತ, ಪ್ರವಾಹಗಳಿಗೆ ಸುಲಭವಾಗಿ ಈಡಾಗುವ ಜಾಗವೇ ಎಂಬುದು ಇನ್ನೊಂದು. ಕೆಜಿಎಫ್‌ಗೆ ಸಂಬಂಧಿಸಿದಂತೆ ಈ ಎರಡು ಸಾಲುಗಳ ಎದುರು 'ಇಲ್ಲ' ಎಂದು ಬರೆದ ಯಾವ ಅರ್ಜಿಯನ್ನೂ ಒಪ್ಪಬಾರದು ಎಂದು ನಾವು ಲಿಖಿತವಾಗಿ ಕೇಳಬಹುದು.

ಭೂಸ್ವಾಧೀನ ಇನ್ನೊಂದು ದಾರಿ. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಸಾಮಾಜಿಕ ಪರಿಣಾಮ ಅಧ್ಯಯನಕ್ಕೆ ಪಂಚಾಯಿತಿ, ನಗರಸಭೆಗಳ ಜೊತೆ ಸಮಾಲೋಚನೆ ಕಡ್ಡಾಯ. ಆದರೆ ಹೆದ್ದಾರಿಗೆ ಭೂಮಿ ತೆಗೆದುಕೊಳ್ಳುವುದು 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಡಿ, ಅಲ್ಲಿ ಆಕ್ಷೇಪಣೆಗೆ 21 ದಿನ ಮಾತ್ರ. ಕೈಗಾರಿಕಾ ಪ್ರದೇಶಕ್ಕೆ ತೆಗೆದುಕೊಳ್ಳುವುದು 1966ರ ಕರ್ನಾಟಕ ಕೈಗಾರಿಕಾ ಪ್ರದೇಶಗಳ ಅಭಿವೃದ್ಧಿ (ಕೆಐಎಡಿ) ಕಾಯ್ದೆಯ 28ನೇ ಸೆಕ್ಷನ್‌ನಡಿ. ಟೌನ್‌ಶಿಪ್‌ನ ವಿಷಯ ಇನ್ನೂ ವಿಚಿತ್ರ: ಭೂಮಿ ಈಗಾಗಲೇ ಸರ್ಕಾರಿ ಕಂಪನಿಯ ವಶದಲ್ಲಿರುವುದರಿಂದ ಅಲ್ಲಿ ಸ್ವಾಧೀನಕ್ಕೆ ಆಕ್ಷೇಪಿಸಬೇಕಾದ ರೈತನೇ ಇಲ್ಲ. ಒಂದು ಸರ್ಕಾರದಿಂದ ಇನ್ನೊಂದು ಸರ್ಕಾರಕ್ಕೆ ಕಡತ ಹೋದರೆ ಮುಗಿಯಿತು. ಅದರ ಪಕ್ಕದಲ್ಲೇ ಬದುಕುವವರನ್ನು ಕೇಳುವ ಹಂತ ಆ ಕಡತದಲ್ಲಿ ಎಲ್ಲಿ ಬರುತ್ತದೆ?

ಕೊನೆಯದಾಗಿ ಗಣಿ ಕಾನೂನು. ರೈಲು ಹಳಿ, ಸಾರ್ವಜನಿಕ ರಸ್ತೆ, ಕಟ್ಟಡಗಳಿಂದ 45 ಮೀಟರ್ ಒಳಗೆ ಗಣಿ ಕೆಲಸ ಮಾಡಬೇಕಾದರೆ ಗಣಿಯವನು ಗಣಿ ಸುರಕ್ಷತಾ ನಿರ್ದೇಶನಾಲಯದ ಮುಂಚಿತ ಒಪ್ಪಿಗೆ ಪಡೆಯಬೇಕು. ಮೇಲಿರುವುದನ್ನು ಕೆಳಗಿನವನಿಂದ ಕಾಪಾಡುವ ನಿಯಮ ಅದು. ಗಣಿ ಮುಚ್ಚಿ ಇಪ್ಪತ್ತು ವರ್ಷವಾದ ಮೇಲೆ ಮೇಲೆ ಬಂದು ಕಟ್ಟುವವನು ಕೆಳಗಿನದನ್ನು ವಿಚಾರಿಸಿಕೊಂಡು ಕಟ್ಟಲಿ ಎಂಬ ತಿರುಗುಮುರುಗಿನ ಕರ್ತವ್ಯ ಆ ನಿಯಮದಲ್ಲಿ ಇಲ್ಲ.

ರಸ್ತೆ ಕಾಮಗಾರಿ ಎಂಜಿನಿಯರ್

ನಾನು ಸ್ವಲ್ಪ ಬೇರೆ ಮಾತು ಹೇಳಬೇಕಾಗಿದೆ, ಬೇಸರ ಮಾಡಿಕೊಳ್ಳಬಾರದು.

ಒಂದು ರಸ್ತೆ ಯೋಜನೆಗೆ ಇಂದು ಅರಣ್ಯ, ನೀರಾವರಿ, ವಿದ್ಯುತ್, ರೈಲ್ವೆ, ಮಾಲಿನ್ಯ ಮಂಡಳಿ, ಪುರಾತತ್ವ ಎಂದು ಎಷ್ಟೋ ಕಡೆಯಿಂದ ನಿರಾಕ್ಷೇಪಣಾ ಪತ್ರ ತರಬೇಕು. ಬರೆದ ಪತ್ರಕ್ಕೆ ಆರು ತಿಂಗಳಾದರೂ ಉತ್ತರ ಬರುವುದಿಲ್ಲ. ಬಂದರೂ 'ನಿಯಮಾನುಸಾರ ಕ್ರಮ ವಹಿಸತಕ್ಕದ್ದು' ಎಂಬ ಒಂದು ಸಾಲಿನ ಷರಾ ಇರುತ್ತದೆ. ಇದಕ್ಕೆ ಇನ್ನೂ ಐದು ಸಂಸ್ಥೆ ಸೇರಿಸಿದರೆ ಕೆಜಿಎಫ್‌ಗೆ ಯಾವ ಯೋಜನೆಯೂ ಬರುವುದಿಲ್ಲ, ಸುಲಭದ ನೆಲ ಹುಡುಕಿಕೊಂಡು ಹೊಸೂರಿಗೋ ನರಸಾಪುರಕ್ಕೋ ಹೋಗುತ್ತದೆ. ಗಣಿ ಹೋದ ಊರಿಗೆ ಅದು ಎರಡನೇ ಪೆಟ್ಟಾಗುತ್ತದೆ.

ಆದರೂ ಸರ್ವೇಯರ್ ಅವರ ಮಾತನ್ನು ತಳ್ಳಿಹಾಕಲು ನನ್ನ ಅನುಭವವೇ ಬಿಡುವುದಿಲ್ಲ. ಬೇರೊಂದು ಜಿಲ್ಲೆಯಲ್ಲಿ, ಹಳೆಯ ಕಲ್ಲುಗಣಿ ಮತ್ತು ಅದಿರು ಗುಂಡಿಗಳಿದ್ದ ಕಡೆ ನಾವು ಸಣ್ಣ ಸೇತುವೆಯೊಂದರ ತಳಪಾಯ ತೆಗೆಯುತ್ತಿದ್ದೆವು. ನೆಲ ಪರೀಕ್ಷೆಗೆಂದು ಕೊರೆದ ಬೋರ್‌ಹೋಲ್‌ಗಳ ವರದಿಯಲ್ಲಿ ಗಟ್ಟಿ ಬಂಡೆ ಎಂದಿತ್ತು. ಎರಡು ಬೋರ್‌ಹೋಲ್‌ಗಳ ನಡುವೆ, ಯಾರೋ ಯಾವಾಗಲೋ ತೋಡಿ ಮಣ್ಣು ಮುಚ್ಚಿದ್ದ ಗುಂಡಿಗೆ ಯಂತ್ರದ ಒಂದು ಚಕ್ರ ಇಳಿದುಹೋಯಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ, ಕೆಲಸ ಮಾತ್ರ ಎರಡು ತಿಂಗಳು ನಿಂತಿತು. ಆಮೇಲೆ ಪಕ್ಕದ ಹಳ್ಳಿಯ ಅಜ್ಜನೊಬ್ಬರು, "ಅಲ್ಲಿ ಗುಂಡಿ ಇತ್ತಲ್ಲಪ್ಪ, ನಮ್ಮನ್ನು ಯಾರೂ ಕೇಳಲಿಲ್ಲ" ಎಂದರು. ಆ ಮಾತು ಇಂದಿಗೂ ಕಿವಿಯಲ್ಲಿದೆ.

ಆದ್ದರಿಂದ ನನ್ನ ನಿಲುವು ಇಷ್ಟು: ಕೇಳಬೇಕು, ಆದರೆ ಯೋಜನೆಯ ದಾರಿ ಗೊತ್ತುಮಾಡುವ ಮುನ್ನವೇ ಒಮ್ಮೆ ಕೇಳಿ, ಉತ್ತರಕ್ಕೆ ದಿನ ಗೊತ್ತುಪಡಿಸಿ, ಆಮೇಲೆ ಮುಂದೆ ಹೋಗಬೇಕು. ಎಲ್ಲ ಮುಗಿದು ಟೆಂಡರ್ ಆದ ಮೇಲೆ ಕೇಳುವುದರಿಂದ ನಮಗೂ ಕಷ್ಟ, ಊರಿಗೂ ಕಷ್ಟ.

ಇಂಗ್ಲೆಂಡಿನಲ್ಲಿರುವ ಕನ್ನಡಿಗ

ಎಂಜಿನಿಯರ್ ಅವರ ಕೊನೆಯ ಮಾತು ಓದಿದಾಗ ನಾನಿರುವ ದೇಶದ ವ್ಯವಸ್ಥೆ ನೆನಪಾಯಿತು. ನಾನು ಇಲ್ಲಿ ಭೂತಾಂತ್ರಿಕ ಕೆಲಸ, ಅಂದರೆ ಕಟ್ಟಡಗಳಿಗೆ ನೆಲ, ಬಂಡೆಗಳನ್ನು ಪರೀಕ್ಷಿಸುವ ಕೆಲಸ ಮಾಡುತ್ತಿದ್ದೇನೆ. ಕೆಜಿಎಫ್‌ಗೂ ಈ ದೇಶಕ್ಕೂ ಹಳೆಯ ನಂಟು ಇದೆ, ನಿಮ್ಮ ಗಣಿಯ ಮೊದಲ ತಲೆಮಾರಿನ ಅನೇಕ ಮೇಲ್ವಿಚಾರಕರು, ಅಂದರೆ ಕ್ಯಾಪ್ಟನ್‌ಗಳು ಕಾರ್ನ್‌ವಾಲ್‌ನ ತವರದ ಗಣಿಗಳಿಂದ ಬಂದವರು.

ಇಲ್ಲಿ 1994ರ ಕಲ್ಲಿದ್ದಲು ಉದ್ಯಮ ಕಾಯ್ದೆಯಿಂದ 'ಕೋಲ್ ಅಥಾರಿಟಿ' ಎಂಬ ಸಾರ್ವಜನಿಕ ಸಂಸ್ಥೆ ಹುಟ್ಟಿತು. 2024ರ ನವೆಂಬರ್‌ನಿಂದ ಅದರ ಹೆಸರು 'ಮೈನಿಂಗ್ ರೆಮಿಡಿಯೇಶನ್ ಅಥಾರಿಟಿ'. ಗಣಿಗಳು ಮುಚ್ಚಿದ ಮೇಲೆ ಅವುಗಳ ನಕ್ಷೆಗಳು, ಶಾಫ್ಟುಗಳ ದಾಖಲೆ, ಕುಸಿತದ ದೂರುಗಳು, ಗಣಿಯಿಂದ ಹೊರಬರುವ ಮಲಿನ ನೀರಿನ ಶುದ್ಧೀಕರಣ ಇವೆಲ್ಲಕ್ಕೂ ಒಂದೇ ಮನೆ ಅದು. ಒಂದು ಲಕ್ಷ ಎಪ್ಪತ್ತು ಸಾವಿರಕ್ಕೂ ಹೆಚ್ಚು ಗಣಿಬಾಯಿಗಳ ಪಟ್ಟಿ ಅವರ ಬಳಿ ಇದೆ, ಅಪಾಯದ ಪ್ರದೇಶಗಳ ನಕ್ಷೆಯನ್ನು ಯಾರು ಬೇಕಾದರೂ ಮನೆಯಲ್ಲಿ ಕುಳಿತು ನೋಡಬಹುದು. ಕಲ್ಲಿದ್ದಲು ಸೀಮೆಯಲ್ಲಿ ಮನೆ ಕೊಳ್ಳುವವರು ಕೂಡ ಆ ಜಾಗದ ಗಣಿ ವರದಿಯನ್ನು ದುಡ್ಡು ಕೊಟ್ಟು ತರಿಸುತ್ತಾರೆ.

ದೊಡ್ಡ ರಾಷ್ಟ್ರೀಯ ಯೋಜನೆಗಳಿಗೆ 2008ರ ಯೋಜನಾ ಕಾಯ್ದೆ ಇದೆ. ಅದರ 42ನೇ ಸೆಕ್ಷನ್ ಪ್ರಕಾರ ಅರ್ಜಿ ಹಾಕುವ ಮುನ್ನವೇ ಗೊತ್ತುಪಡಿಸಿದ ಸಂಸ್ಥೆಗಳನ್ನು ಕೇಳಬೇಕು, 45ನೇ ಸೆಕ್ಷನ್ ಪ್ರಕಾರ ಉತ್ತರಕ್ಕೆ ಕನಿಷ್ಠ 28 ದಿನ ಕೊಡಬೇಕು ಎಂದಿತ್ತು. ಹಿಂದೆ ಕಲ್ಲಿದ್ದಲು ತೆಗೆದ, ಈಗ ತೆಗೆಯುತ್ತಿರುವ ಅಥವಾ ಮುಂದೆ ತೆಗೆಯಬಹುದಾದ ಪ್ರದೇಶವಾಗಿದ್ದರೆ ಆ ಪಟ್ಟಿಯಲ್ಲಿ ಕೋಲ್ ಅಥಾರಿಟಿ ಇರಲೇಬೇಕಿತ್ತು. ಪಟ್ಟಿಯಲ್ಲಿ ಹೆಸರಿತ್ತು ಎಂಬುದೇ ದೊಡ್ಡ ವಿಷಯ, ಏಕೆಂದರೆ ಕೇಳಬೇಕೋ ಬೇಡವೋ ಎಂಬುದು ಯೋಜನೆ ಮಾಡುವವರ ಸೌಜನ್ಯಕ್ಕೆ ಬಿಟ್ಟ ಮಾತಾಗಿ ಉಳಿಯುತ್ತಿರಲಿಲ್ಲ.

ಎಲ್ಲವೂ ಇಲ್ಲಿ ಸರಿಯಾಗಿದೆ ಎಂದು ಹೇಳಲಾರೆ. ಆ ಸಂಸ್ಥೆಯ ಯೋಜನಾ ಸಲಹೆ ಮುಖ್ಯವಾಗಿ ಕಲ್ಲಿದ್ದಲಿಗೆ ಸೇರಿದ್ದು, ಕಾರ್ನ್‌ವಾಲ್‌ನಂಥ ಲೋಹದ ಗಣಿಗಳ ಸೀಮೆಯಲ್ಲಿ ಸ್ಥಳೀಯ ಆಡಳಿತವೇ ಹೆಚ್ಚು ಹೊಣೆ ಹೊರಬೇಕು. ಅಲ್ಲದೆ, ಅರ್ಜಿಗೆ ಮುಂಚಿನ ಸಮಾಲೋಚನೆಯಿಂದಲೇ ಯೋಜನೆಗಳು ತಡವಾಗುತ್ತಿವೆ ಎಂದು ವಾದಿಸಿ, ಅದರ ಕಾನೂನು ಕಡ್ಡಾಯವನ್ನು ತೆಗೆದುಹಾಕುವ ನಿರ್ಧಾರವನ್ನು 2025ರ ಏಪ್ರಿಲ್‌ನಲ್ಲಿ ಬ್ರಿಟಿಷ್ ಸರ್ಕಾರ ಪ್ರಕಟಿಸಿತು. ಎಂಜಿನಿಯರ್ ಅವರ ದೂರು ಇಲ್ಲಿಯೂ ಇದೆ ಎಂದಾಯಿತು. ನನಗೆ ಆ ನಿರ್ಧಾರ ಸರಿ ಎನಿಸಲಿಲ್ಲ. ಅವಸರ ಇರುವ ಕಡೆಯೇ ನೆಲವನ್ನು ಬಲ್ಲವರ ಮಾತು ಮೊದಲು ಬೇಕು.

ವೇಲ್ಸ್‌ನ ಅಬರ್‌ಫ್ಯಾನ್ ದುರಂತವನ್ನೂ ಇಲ್ಲಿ ಹೇಳದೆ ಇರಲಾರೆ. 1966ರ ಅಕ್ಟೋಬರ್ 21ರಂದು ಗಣಿ ತ್ಯಾಜ್ಯದ ಗುಡ್ಡ ಜಾರಿ ಶಾಲೆಯ ಮೇಲೆ ಬಿತ್ತು. 144 ಜನ ಸತ್ತರು, ಅವರಲ್ಲಿ 116 ಮಕ್ಕಳು. ಮೂರು ವರ್ಷ ಮೊದಲೇ, 1963ರಲ್ಲಿ, ಸ್ಥಳೀಯ ಪುರಸಭೆಯ ಎಂಜಿನಿಯರ್ ಶಾಲೆಯ ಹಿಂದೆ ಸುರಿಯುತ್ತಿರುವ ತ್ಯಾಜ್ಯದ ಅಪಾಯದ ಬಗ್ಗೆ ಪತ್ರ ಬರೆದಿದ್ದರು. ಒಂದು ಸಾರ್ವಜನಿಕ ಸಂಸ್ಥೆ ಎಚ್ಚರಿಸಿತ್ತು, ಆದರೆ ಆ ಎಚ್ಚರಿಕೆಗೆ ಉತ್ತರಿಸಿ ಕ್ರಮ ಕೈಗೊಳ್ಳುವಂತೆ ಕಟ್ಟಿಹಾಕುವ ನಿಯಮ ಇರಲಿಲ್ಲ. ಗುಡ್ಡಗಳ ಸುರಕ್ಷತೆಗೆ ಕಾಯ್ದೆ ಬಂದದ್ದು 1969ರಲ್ಲಿ.

ರಾಬರ್ಟ್‌ಸನ್‌ಪೇಟೆ ಶಿಕ್ಷಕಿ

ಅಬರ್‌ಫ್ಯಾನ್ ವಿಷಯ ಓದಿ ಕಣ್ಣು ತುಂಬಿ ಬಂತು. ನಮ್ಮ ಸಯನೈಡ್ ದಿಬ್ಬಗಳು ಆ ರೀತಿ ಕಡಿದಾದ ಬೆಟ್ಟದ ಮೇಲೆ ನಿಂತಿಲ್ಲ, ಹೋಲಿಕೆಯನ್ನು ಎಳೆದು ದೊಡ್ಡದು ಮಾಡಬಾರದು. ಆದರೆ ಅವು ಹದಿಮೂರು ದಿಬ್ಬಗಳು, ಮೂರು ಕೋಟಿ ಟನ್ನಿಗೂ ಹೆಚ್ಚು ಪುಡಿ. ಬೇಸಿಗೆಯ ಗಾಳಿ ಎದ್ದರೆ ನಮ್ಮ ತರಗತಿಯ ಬೆಂಚುಗಳ ಮೇಲೆ ಬೆರಳಲ್ಲಿ ಬರೆಯುವಷ್ಟು ಧೂಳು ಕೂರುತ್ತದೆ. ಮಳೆ ಬಂದರೆ ದಿಬ್ಬಗಳ ಮೈ ಸೀಳಿ, ಆ ಪುಡಿ ಕಾಲುವೆಗಳಿಗೆ ಇಳಿಯುತ್ತದೆ. ದಿಬ್ಬಗಳಲ್ಲಿ ಉಳಿದ ಚಿನ್ನವನ್ನು ತೆಗೆಯುವ ಪ್ರಸ್ತಾಪಕ್ಕೆ 2024ರಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಅಂದರೆ ದಿಬ್ಬಗಳನ್ನು ಅಲುಗಾಡಿಸುವ ಕೆಲಸವೂ, ಪಕ್ಕದಲ್ಲಿ ಟೌನ್‌ಶಿಪ್ ಕಟ್ಟುವ ಕೆಲಸವೂ ಒಂದೇ ಕಾಲಕ್ಕೆ ನಡೆಯಬಹುದು. ಎರಡನ್ನೂ ಒಟ್ಟಿಗೆ ಇಟ್ಟು ನೋಡುವವರು ಯಾರು? ಒಂದನ್ನು ಗಣಿ ಸಚಿವಾಲಯ ನೋಡುತ್ತದೆ, ಇನ್ನೊಂದನ್ನು ಕೈಗಾರಿಕಾ ಇಲಾಖೆ ನೋಡುತ್ತದೆ. ಎರಡರ ಧೂಳೂ ಬರುವುದು ಒಂದೇ ಶಾಲೆಗೆ.

ಕೇಳಬೇಕಾದ ಸಂಸ್ಥೆಗಳ ಪಟ್ಟಿಯಲ್ಲಿ ಜಿಲ್ಲಾ ಆರೋಗ್ಯಾಧಿಕಾರಿಗಳ ಹೆಸರನ್ನೂ ಸೇರಿಸಬೇಕೆಂದು ನನ್ನ ಕೋರಿಕೆ. ಗಣಿ ಕೆಲಸ ಮಾಡಿ, ಕಲ್ಲಿನ ಧೂಳಿನಿಂದ ಶ್ವಾಸಕೋಶ ಕೆಡುವ ಸಿಲಿಕೋಸಿಸ್‌ನಿಂದ ಕೆಮ್ಮುತ್ತ ಬದುಕಿದ ತಂದೆಯರ ಮಕ್ಕಳು ನಮ್ಮ ಮನೆಗಳಲ್ಲಿದ್ದಾರೆ. ಧೂಳು ಎಂದರೆ ಏನೆಂದು ಅವರಿಗೆ ಯಾರೂ ವಿವರಿಸಬೇಕಾಗಿಲ್ಲ. ಇನ್ನೊಂದು ವಿಷಯ: ಅಹವಾಲು ಸಭೆಯ ಕಾಗದಗಳು ಕನ್ನಡದ ಜೊತೆಗೆ ತಮಿಳಿನಲ್ಲಿಯೂ ಇರಲಿ. ಲೈನ್‌ಗಳ ಹಿರಿಯರಲ್ಲಿ ಅನೇಕರು ಓದಬಲ್ಲದ್ದು ಅದೊಂದನ್ನೇ, ಮತ್ತು ಯಾವ ಶಾಫ್ಟ್ ಎಲ್ಲಿತ್ತು, ಯಾವುದನ್ನು ಯಾವಾಗ ಮುಚ್ಚಿದರು ಎಂದು ಹೇಳಬಲ್ಲವರೂ ಅವರೇ.

ನಿವೃತ್ತ ಗಣಿ ಸರ್ವೇಯರ್

ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ನಕ್ಷೆಯ ಮಾತನ್ನೇ ಆಡಿದೆ, ನಕ್ಷೆಯಲ್ಲಿ ಇಲ್ಲದ್ದು ಜನರ ನೆನಪಿನಲ್ಲಿದೆ ಎಂಬುದನ್ನು ಹೇಳಲು ಮರೆತೆ.

ಎಂಜಿನಿಯರ್ ಅವರಿಗೆ ಒಂದು ಉದಾಹರಣೆ ಕೊಡುತ್ತೇನೆ, ಅದು ನಮ್ಮ ದೇಶದ್ದೇ. ಜಾರ್ಖಂಡ್‌ನ ಧನಬಾದ್–ಚಂದ್ರಪುರ ರೈಲು ಮಾರ್ಗದ 34 ಕಿಲೋಮೀಟರನ್ನು 2017ರ ಜೂನ್ 15ರಂದು ಮುಚ್ಚಬೇಕಾಯಿತು. ಝರಿಯಾ ಕಲ್ಲಿದ್ದಲು ಸೀಮೆಯ ನೆಲದೊಳಗಿನ ಬೆಂಕಿ ಹಳಿಗೆ ಅಪಾಯ ತಂದಿದೆ ಎಂದು ಗಣಿ ಸುರಕ್ಷತಾ ನಿರ್ದೇಶನಾಲಯವೇ ವರದಿ ಕೊಟ್ಟಿತ್ತು. ಸಾವಿರಾರು ಪ್ರಯಾಣಿಕರು ಪರದಾಡಿದರು. ಮತ್ತೆ ರೈಲು ಓಡಿದ್ದು 2019ರ ಫೆಬ್ರುವರಿಯಲ್ಲಿ. ನಮ್ಮಲ್ಲಿ ಬೆಂಕಿಯಿಲ್ಲ, ಅಲ್ಲಿಯದು ಕಲ್ಲಿದ್ದಲು, ಇಲ್ಲಿಯದು ಗಟ್ಟಿ ಶಿಲೆ. ನಾನು ಹೇಳುವುದು ಸುರಕ್ಷತಾ ನಿರ್ದೇಶನಾಲಯದ ಮಾತಿಗೆ ಎಷ್ಟು ತೂಕವಿದೆ ಎಂಬುದನ್ನು. ಓಡುತ್ತಿರುವ ರೈಲನ್ನು ನಿಲ್ಲಿಸುವಷ್ಟು ತೂಕ ಆ ಮಾತಿಗೆ ಇದೆಯೆಂದಮೇಲೆ, ಹಳಿ ಹಾಕುವ ಮುನ್ನ ಅದೇ ಮಾತನ್ನು ಕೇಳಿಸಿಕೊಳ್ಳಲು ಎರಡು ತಿಂಗಳು ಕಾದರೆ ಅದನ್ನು ತಡ ಎಂದು ಕರೆಯಬಾರದು.

ರಸ್ತೆ ಕಾಮಗಾರಿ ಎಂಜಿನಿಯರ್

ಒಪ್ಪಿದೆ ಸರ್. ಎರಡು ತಿಂಗಳು ಎಂದು ಗೊತ್ತುಪಡಿಸಿದರೆ ಯಾವ ಎಂಜಿನಿಯರೂ ಬೇಡ ಎನ್ನುವುದಿಲ್ಲ. ನಾವು ಹೆದರುವುದು ಕೊನೆಯಿಲ್ಲದ ಕಾಯುವಿಕೆಗೆ. ಇನ್ನೊಂದು ಸಲಹೆ: ಪ್ರತಿ ಯೋಜನೆಗೂ ಪ್ರತ್ಯೇಕವಾಗಿ ಐದು ಕಚೇರಿ ಅಲೆಯುವ ಬದಲು, ಬಿಜಿಎಂಎಲ್ ವಶದ ಸುಮಾರು 12,000 ಎಕರೆಗೂ ಒಮ್ಮೆಗೇ ಒಂದು ಅಪಾಯ ನಕ್ಷೆ ಮಾಡಿಸಿ, ಕಟ್ಟಬಾರದ ಜಾಗ, ಪರೀಕ್ಷಿಸಿ ಕಟ್ಟಬಹುದಾದ ಜಾಗ, ತೊಂದರೆಯಿಲ್ಲದ ಜಾಗ ಎಂದು ಬಣ್ಣ ಹಚ್ಚಿ ಇಟ್ಟರೆ ಮುಂದಿನ ಐವತ್ತು ವರ್ಷಕ್ಕೆ ಸಾಕು. ಅದನ್ನು ಕೆಜಿಎಫ್ ನಗರಾಭಿವೃದ್ಧಿ ಪ್ರಾಧಿಕಾರದ ಮಹಾಯೋಜನೆಗೆ (ಮಾಸ್ಟರ್ ಪ್ಲಾನ್) ಸೇರಿಸಿಬಿಟ್ಟರೆ ಕಾನೂನಿನ ಬಲವೂ ಬರುತ್ತದೆ.

ಕಾನೂನು ಓದುತ್ತಿರುವವಳು

ಈ ಸಲಹೆ ನನಗೆ ಬಹಳ ಹಿಡಿಸಿತು. ರೈಲಿಗೆ ಅಹವಾಲು ಸಭೆ ಇಲ್ಲ, ಸರ್ಕಾರಿ ಭೂಮಿಗೆ ಆಕ್ಷೇಪಣೆಯ ಹಂತ ಇಲ್ಲ ಎಂದು ಹಿಂದೆ ಬರೆದಿದ್ದೆನಲ್ಲ, ಮಹಾಯೋಜನೆಗೆ ಆ ತೊಡಕು ಇಲ್ಲ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಮಹಾಯೋಜನೆಯ ಕರಡನ್ನು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಪಡೆಯಲೇಬೇಕು. ಆ ಹಂತದಲ್ಲಿ ಊರಿನ ಯಾರು ಬೇಕಾದರೂ ಲಿಖಿತವಾಗಿ ಕೊಡಬಹುದು, ನಗರಸಭೆಯೂ ಕೊಡಬಹುದು.

ಮಾರಿಕುಪ್ಪಂ ನಿವಾಸಿ

ಎಲ್ಲರಿಗೂ ಹೃದಯಪೂರ್ವಕ ಕೃತಜ್ಞತೆಗಳು. ನಿನ್ನೆ ಸಂಜೆ ವಾರ್ಡಿನ ಹತ್ತು ಹನ್ನೆರಡು ಜನ ಕುಳಿತು ಈ ಉತ್ತರಗಳನ್ನೆಲ್ಲ ಗಟ್ಟಿಯಾಗಿ ಓದಿದೆವು. ಓದು ಬಾರದ ಹಿರಿಯರಿಗೆ ತಮಿಳಿನಲ್ಲಿ ಹೇಳಿದೆವು. ಅಲ್ಲಿಯೇ ಒಬ್ಬರು ತಮ್ಮ ಮನೆಯ ಹಿಂದಿನ ಮುಳ್ಳುಪೊದೆಯ ನಡುವೆ ಮುಚ್ಚಿದ ಒಂದು ಶಾಫ್ಟಿನ ಬಾಯಿ ಇರುವುದನ್ನೂ, ಮಳೆಗಾಲದಲ್ಲಿ ಅದರ ಸುತ್ತಲಿನ ಮಣ್ಣು ಒಂದು ಗೇಣು ಇಳಿದಿರುವುದನ್ನೂ ಹೇಳಿದರು. ಸರ್ವೇಯರ್ ಸರ್, ತಾವು ಒಮ್ಮೆ ಬಂದು ಅದನ್ನು ನೋಡಲು ಸಾಧ್ಯವೇ? ವಾಹನ ನಾವು ಕಳುಹಿಸುತ್ತೇವೆ.

ರಾಬರ್ಟ್‌ಸನ್‌ಪೇಟೆ ನಗರಸಭೆಗೆ ಒಂದು ಮನವಿಯ ಕರಡನ್ನು ಬರೆದಿದ್ದೇವೆ. ಮೂರು ಬೇಡಿಕೆಗಳು ಅದರಲ್ಲಿವೆ. ಹಳೆಯ ಗಣಿ ಪ್ರದೇಶದ ಅಪಾಯ ನಕ್ಷೆಯನ್ನು ಮಾಡಿಸುವಂತೆ ನಗರಸಭೆ ನಿರ್ಣಯ ಮಾಡಿ ಜಿಲ್ಲಾಧಿಕಾರಿಗಳಿಗೂ ನಗರಾಭಿವೃದ್ಧಿ ಪ್ರಾಧಿಕಾರಕ್ಕೂ ಕಳುಹಿಸಬೇಕು. ರೈಲು, ರಸ್ತೆ, ಟೌನ್‌ಶಿಪ್ ಯಾವುದೇ ಇರಲಿ, ಸ್ಥಳ ಗೊತ್ತುಮಾಡುವ ಮುನ್ನ ಬಿಜಿಎಂಎಲ್, ಗಣಿ ಸುರಕ್ಷತಾ ನಿರ್ದೇಶನಾಲಯ, ಎನ್‌ಐಆರ್‌ಎಂ, ಮಾಲಿನ್ಯ ನಿಯಂತ್ರಣ ಮಂಡಳಿ ಮತ್ತು ಆರೋಗ್ಯ ಇಲಾಖೆಗಳ ಲಿಖಿತ ಅಭಿಪ್ರಾಯವನ್ನು ಅರವತ್ತು ದಿನಗಳ ಗಡುವಿನೊಳಗೆ ಪಡೆದು, ಆ ಅಭಿಪ್ರಾಯಗಳನ್ನೂ, ಯಾವ ಮಾತನ್ನು ಒಪ್ಪಲಾಯಿತು, ಯಾವುದನ್ನು ಏಕೆ ಒಪ್ಪಲಿಲ್ಲ ಎಂಬುದನ್ನೂ ನಗರಸಭೆಯ ಫಲಕದಲ್ಲಿ ಕನ್ನಡ ಮತ್ತು ತಮಿಳುಗಳಲ್ಲಿ ಹಾಕಬೇಕು. ಹಿರಿಯ ಗಣಿ ಕಾರ್ಮಿಕರ ನೆನಪಿನಲ್ಲಿರುವ ಶಾಫ್ಟು, ಗುಂಡಿಗಳನ್ನು ವಾರ್ಡುವಾರು ಬರೆದುಕೊಳ್ಳಲು ಒಂದು ತಂಡ ಮಾಡಬೇಕು.

ಮೂರನೆಯ ಕೆಲಸಕ್ಕೆ ನಗರಸಭೆಯ ಉತ್ತರ ಬರುವವರೆಗೂ ನಾವು ಕಾಯುವುದಿಲ್ಲ. ಬರುವ ಭಾನುವಾರ ಬೆಳಗ್ಗೆ ಮುಳ್ಳುಪೊದೆಯ ಆ ಶಾಫ್ಟಿನಿಂದಲೇ ಆರಂಭಿಸುತ್ತಿದ್ದೇವೆ. ಕರಡಿನಲ್ಲಿ ತಿದ್ದಬೇಕಾದದ್ದು ಏನಾದರೂ ಇದ್ದರೆ ಅಷ್ಟರೊಳಗೆ ತಿಳಿಸಿ.

ನಿವೃತ್ತ ಗಣಿ ಸರ್ವೇಯರ್

ಬರುತ್ತೇನೆ. ಐವತ್ತು ಮೀಟರಿನ ಟೇಪು, ಬಣ್ಣದ ಡಬ್ಬಿ ತೆಗೆದಿಡಿ. ಮಣ್ಣು ಇಳಿದಿದೆ ಎಂದಿರಿ, ಆದ್ದರಿಂದ ನಾನು ಬಂದು ನೋಡುವವರೆಗೂ ಮಕ್ಕಳನ್ನಾಗಲಿ ದನಗಳನ್ನಾಗಲಿ ಆ ಕಡೆ ಬಿಡಬೇಡಿ. ನಾಳೆಯೇ ಸುತ್ತ ಹಗ್ಗ ಕಟ್ಟಿಸಿ.